ಬಾಹ್ಯ ಡ್ರೈವ್‌ನಿಂದ ಗಣಕಯಂತ್ರದ ಚಾಲನೆ

ಬಾಹ್ಯ ಡ್ರೈವ್‌ನಿಂದ ಗಣಕಯಂತ್ರದ ಚಾಲನೆ ಎಂದರೆ, ಯಂತ್ರದ ಒಳಗಿರುವ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯನ್ನು ಅವಲಂಬಿಸದೆ, ಯುಎಸ್‌ಬಿ ಪೋರ್ಟಿಗೆ ಜೋಡಿಸಿದ ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿರುವ ಕಾರ್ಯಾಚರಣ ವ್ಯವಸ್ಥೆಯಿಂದ ಗಣಕಯಂತ್ರವನ್ನು ನಡೆಸುವ ವಿಧಾನ. ಒಳಗಿನ ಡಿಸ್ಕ್ ಕೆಟ್ಟುಹೋದಾಗ ಈ ವಿಧಾನವು ಎರಡು ರೀತಿಯಲ್ಲಿ ನೆರವಾಗುತ್ತದೆ. ಮೊದಲನೆಯದಾಗಿ, ಕೆಡುತ್ತಿರುವ ಡಿಸ್ಕಿನಿಂದ ಕಡತಗಳನ್ನು ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ. ಎರಡನೆಯದಾಗಿ, ಹೊಸ ಡಿಸ್ಕ್ ಬರುವವರೆಗೆ, ಕೆಲವು ಸಂದರ್ಭಗಳಲ್ಲಿ ಶಾಶ್ವತವಾಗಿಯೂ, ಅದೇ ಯಂತ್ರದಲ್ಲಿ ಕೆಲಸ ಮುಂದುವರಿಸಬಹುದು.

ಡಿಸ್ಕ್ ಕೆಟ್ಟಿತೆಂದ ಮಾತ್ರಕ್ಕೆ ಗಣಕಯಂತ್ರ ಕೆಟ್ಟಂತಲ್ಲ. ಪ್ರೊಸೆಸರ್, ರ್‍ಯಾಮ್, ಪರದೆ ಮತ್ತು ಕೀಲಿಮಣೆಗಳು ಸಾಮಾನ್ಯವಾಗಿ ಸುಸ್ಥಿತಿಯಲ್ಲಿಯೇ ಇರುತ್ತವೆ. ಆದರೆ ಯಂತ್ರವನ್ನು ನಡೆಸುವುದಕ್ಕಿಂತ ಮುಂಚಿತವಾಗಿ ಯೋಚಿಸಬೇಕಾದ ಸಂಗತಿ ಹಳೆಯ ಡಿಸ್ಕಿನಲ್ಲಿರುವ ದತ್ತಾಂಶ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಬೇರೆಲ್ಲಿಯೂ ಪ್ರತಿಯಿಲ್ಲದ ಕಡತವನ್ನು ಮತ್ತೆ ಕೊಳ್ಳಲಾಗದು.

ಹಿನ್ನೆಲೆ

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚೆತ್ತುಕೊಳ್ಳುವುದು ಡಿಸ್ಕ್ ಅಲ್ಲ. ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ ನೆಲೆಸಿರುವ ಬಯಾಸ್ ಅಥವಾ ಯುಇಎಫ್‌ಐ ಎಂಬ ಮೂಲ ತಂತ್ರಾಂಶ. ಅದು ರ್‍ಯಾಮ್, ಕೀಲಿಮಣೆ ಮೊದಲಾದವುಗಳನ್ನು ಪರೀಕ್ಷಿಸಿ, ಬಳಿಕ ಕಾರ್ಯಾಚರಣ ವ್ಯವಸ್ಥೆ ಎಲ್ಲಿದೆ ಎಂದು ಹುಡುಕುತ್ತದೆ. ಯಾವ ಸಾಧನವನ್ನು ಮೊದಲು ನೋಡಬೇಕು, ಯಾವುದನ್ನು ಆನಂತರ ನೋಡಬೇಕು ಎಂಬ ಪಟ್ಟಿಗೆ ಬೂಟ್ ಕ್ರಮ ಎಂದು ಹೆಸರು. ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಇರುವ ಸಣ್ಣ ಕ್ರಮವಿಧಿಯೇ ಮುಂದಿನ ದಾರಿ ತೋರಿಸುತ್ತದೆ. ಯುಇಎಫ್‌ಐ ಪದ್ಧತಿಯಲ್ಲಿ ಈ ಕೆಲಸಕ್ಕಾಗಿ ಡಿಸ್ಕಿನಲ್ಲಿ ಒಂದು ಚಿಕ್ಕ ಪ್ರತ್ಯೇಕ ವಿಭಾಗವಿರುತ್ತದೆ.

ಪಟ್ಟಿಯಲ್ಲಿ ಒಳಗಿನ ಡಿಸ್ಕಿಗಿಂತ ಮೊದಲು ಯುಎಸ್‌ಬಿ ಸಾಧನವನ್ನು ಇಟ್ಟರೆ, ಯಂತ್ರವು ಅಲ್ಲಿರುವ ವ್ಯವಸ್ಥೆಯನ್ನೇ ರ್‍ಯಾಮ್‌ಗೆ ತುಂಬಿಕೊಂಡು ಆರಂಭವಾಗುತ್ತದೆ. ಬಾಹ್ಯ ಡ್ರೈವ್‌ನಿಂದ ಯಂತ್ರ ನಡೆಯುವುದರ ತತ್ತ್ವ ಇಷ್ಟೇ.

ಇತಿಹಾಸ

ಹೊರಗಿನಿಂದ ತಂದ ಮಾಧ್ಯಮದಿಂದ ಯಂತ್ರ ನಡೆಸುವುದು ಹೊಸ ಉಪಾಯವಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿಯನ್ನು ಹಾಕಿಯೇ ಡಾಸ್ ವ್ಯವಸ್ಥೆಯನ್ನು ಆರಂಭಿಸಬೇಕಾಗಿತ್ತು. 1983ರ ಪಿಸಿ ಎಕ್ಸ್‌ಟಿ ಮಾದರಿಯಲ್ಲಿ 10 ಎಂಬಿ ಹಾರ್ಡ್ ಡಿಸ್ಕ್ ಯಂತ್ರದ ಒಳಗೆ ಬಂದಿತು. ಅಲ್ಲಿಂದ ಮುಂದೆ ಒಳಗಿನ ಡಿಸ್ಕಿನಿಂದ ಆರಂಭಿಸುವುದೇ ರೂಢಿಯಾಯಿತು.

1990ರ ದಶಕದಲ್ಲಿ ಸಿಡಿಯಿಂದ ಯಂತ್ರವನ್ನು ಆರಂಭಿಸುವ ತಂತ್ರ ಬಳಕೆಗೆ ಬಂದಿತು. ಜರ್ಮನಿಯ ಕ್ಲೌಸ್ ಕ್ನಾಪರ್ ಅವರು 2000ದಲ್ಲಿ ಹೊರತಂದ ಕ್ನಾಪಿಕ್ಸ್, ಡಿಸ್ಕಿನಲ್ಲಿ ಏನನ್ನೂ ಸ್ಥಾಪಿಸದೆ ಸಿಡಿಯಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿತು. ಇಂಥವುಗಳಿಗೆ ಲೈವ್ ವ್ಯವಸ್ಥೆ ಎಂಬ ಹೆಸರು ಬಂದಿತು. 2004ರಲ್ಲಿ ಆರಂಭವಾದ ಉಬುಂಟುವಿನ ಸಿಡಿಗಳನ್ನು 2011ರವರೆಗೆ ಕೋರಿದವರಿಗೆ ಅಂಚೆಯ ಮೂಲಕ ಉಚಿತವಾಗಿ ಕಳುಹಿಸಲಾಗುತ್ತಿತ್ತು. ಅಂತರ್ಜಾಲ ವಿರಳವಾಗಿದ್ದ ಊರುಗಳ ವಿದ್ಯಾರ್ಥಿಗಳಿಗೂ ಲೈವ್ ವ್ಯವಸ್ಥೆಯ ಪರಿಚಯವಾಗಲು ಇದು ಒಂದು ಕಾರಣ. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬೆಂಬಲ ನೀಡುವ ಬಾಸ್ ಲಿನಕ್ಸನ್ನು ರೂಪಿಸಿತು. ಕರ್ನಾಟಕದಲ್ಲಿ 2010ರ ದಶಕದಲ್ಲಿ ನಡೆದ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಯಿತು.

ವಿಂಡೋಸ್ ವ್ಯವಸ್ಥೆಯಲ್ಲಿ ಇದೇ ಉದ್ದೇಶಕ್ಕೆ ವಿಂಡೋಸ್ ಟು ಗೋ ಎಂಬ ಸೌಲಭ್ಯವನ್ನು 2012ರಲ್ಲಿ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯೊಂದಿಗೆ ನೀಡಲಾಯಿತು. 2020ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಿಂದ ಅದನ್ನು ತೆಗೆದುಹಾಕಲಾಯಿತು.

ಡಿಸ್ಕ್ ಕೆಟ್ಟಿರುವುದನ್ನು ಗುರುತಿಸುವುದು

ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕ್ ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ಕಡತ ತೆರೆಯಲು ಬಹಳ ಹೊತ್ತು ಹಿಡಿಯುವುದು, ಯಂತ್ರ ನಡುನಡುವೆ ಸ್ತಬ್ಧವಾಗುವುದು, ಪ್ರತಿಮಾಡುವಾಗ ದೋಷದ ಸಂದೇಶ ಬರುವುದು, ಟಕ್ ಟಕ್ ಎಂಬ ಸದ್ದು ಕೇಳಿಸುವುದು ಇವು ಮುಖ್ಯ ಲಕ್ಷಣಗಳು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲವಾದ್ದರಿಂದ ಸದ್ದಿರುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಗೋಚರಿಸದೆ ಹೋಗಬಹುದು. ಇವೆರಡರಲ್ಲಿಯೂ ಡಿಸ್ಕಿನ ಆರೋಗ್ಯವನ್ನು ದಾಖಲಿಸುವ ಸ್ಮಾರ್ಟ್ ಎಂಬ ಸ್ವಯಂ ಪರೀಕ್ಷಾ ವ್ಯವಸ್ಥೆ ಇರುತ್ತದೆ. ಅದರ ವರದಿಯಲ್ಲಿ ಬದಲಿ ಸ್ಥಳಕ್ಕೆ ವರ್ಗವಾದ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ನಂಬಿಕೆಗೆ ಅರ್ಹವಲ್ಲ.

‘ಬೂಟ್ ಮಾಡಬಲ್ಲ ಸಾಧನ ಸಿಗಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಕಂಡೊಡನೆ ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಅದೇ ಸಂದೇಶಕ್ಕೆ ಕಡಿಮೆ ಖರ್ಚಿನ ಕಾರಣಗಳೂ ಇವೆ:

• ಖಾಲಿ ಪೆನ್ ಡ್ರೈವ್ ಯಂತ್ರದಲ್ಲಿಯೇ ಉಳಿದಿದ್ದು, ಯಂತ್ರ ಅದರಿಂದ ಆರಂಭವಾಗಲು ಯತ್ನಿಸುತ್ತಿರಬಹುದು.
• ಮೇಜಿನ ಗಣಕಯಂತ್ರದಲ್ಲಿ ಡಿಸ್ಕಿನ ಸಾಟಾ ಕೇಬಲ್ ಅಥವಾ ವಿದ್ಯುತ್ ಕೇಬಲ್ ಸಡಿಲವಾಗಿರಬಹುದು.
• ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದು, ದಿನಾಂಕದೊಂದಿಗೆ ಬೂಟ್ ಕ್ರಮವೂ ಅಳಿಸಿಹೋಗಿರಬಹುದು.
• ಡಿಸ್ಕ್ ಸರಿಯಾಗಿದ್ದು, ಅದರಲ್ಲಿರುವ ವಿಂಡೋಸ್ ವ್ಯವಸ್ಥೆಯ ಕಡತಗಳು ಮಾತ್ರ ಕೆಟ್ಟಿರಬಹುದು.

ಬಯಾಸ್ ಪರದೆಯನ್ನು ತೆರೆದು ಡಿಸ್ಕಿನ ಹೆಸರು ಕಾಣುತ್ತದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಹೆಸರು ಕಂಡರೆ ಕಡತಗಳು ಸಿಗುವ ಸಂಭವ ಹೆಚ್ಚು.

ಮೊದಲ ಆದ್ಯತೆ: ದತ್ತಾಂಶದ ರಕ್ಷಣೆ

ಕೆಡುತ್ತಿರುವ ಡಿಸ್ಕ್ ಇನ್ನೆಷ್ಟು ಹೊತ್ತು ಓದಲು ಸಿಗುತ್ತದೆ ಎಂಬುದು ಯಾರಿಗೂ ತಿಳಿಯದು. ಆದ್ದರಿಂದ ಮತ್ತೆ ಮತ್ತೆ ಯಂತ್ರವನ್ನು ಆರಿಸಿ ಹೊತ್ತಿಸುವುದು, ವಿಂಡೋಸ್‌ನ ಡಿಸ್ಕ್ ದುರಸ್ತಿ ಆದೇಶಗಳನ್ನು ಓಡಿಸುವುದು, ಫಾರ್ಮ್ಯಾಟ್ ಮಾಡಿ ನೋಡುವುದು ಇವೆಲ್ಲ ಉಳಿದಿರುವ ಅವಕಾಶವನ್ನು ಕಳೆಯುತ್ತವೆ. ಲೈವ್ ಪೆನ್ ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿದಾಗ ಹಳೆಯ ಡಿಸ್ಕಿನ ಮೇಲೆ ವಿಂಡೋಸ್ ನಡೆಯುವುದಿಲ್ಲ. ಆದ್ದರಿಂದ ಅದರ ಮೇಲಿನ ಶ್ರಮ ಕಡಿಮೆ. ಆಗ ಕಡತ ನಿರ್ವಾಹಕದಲ್ಲಿ ಹಳೆಯ ಡಿಸ್ಕನ್ನು ತೆರೆದು, ಎಲ್ಲಕ್ಕಿಂತ ಅಗತ್ಯವಾದ ಕಡತಕೋಶಗಳನ್ನು ಮೊದಲು, ದೊಡ್ಡ ಚಲನಚಿತ್ರ ಮೊದಲಾದವುಗಳನ್ನು ಕೊನೆಗೆ, ಇನ್ನೊಂದು ಬಾಹ್ಯ ಡ್ರೈವ್‌ಗೆ ಪ್ರತಿಮಾಡಿಕೊಳ್ಳಬೇಕು.

ಓದುವಾಗ ದೋಷಗಳು ಹೆಚ್ಚಾಗಿದ್ದರೆ ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವನ್ನು ಬಳಸುವುದು ಲೇಸು. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಪ್ರತಿಮಾಡಿ, ಕೆಟ್ಟ ಭಾಗಗಳನ್ನು ಗುರುತು ಹಾಕಿಕೊಂಡು ಕೊನೆಗೆ ಅವುಗಳತ್ತ ಮರಳುತ್ತದೆ. ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ಇದಕ್ಕೆ ಹಳೆಯ ಡಿಸ್ಕಿಗಿಂತ ಹೆಚ್ಚು ಜಾಗವುಳ್ಳ ಡ್ರೈವ್ ಬೇಕು. ಅಳಿಸಿಹೋದ ಕಡತಗಳನ್ನು ಆ ಪ್ರತಿಯಲ್ಲಿ ಹುಡುಕಲು ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್ ತಂತ್ರಾಂಶಗಳಿವೆ.

ಟಕ್ ಟಕ್ ಸದ್ದು ಬರುತ್ತಿದ್ದರೆ, ಒಳಗಿರುವ ದತ್ತಾಂಶ ಅಮೂಲ್ಯವಾಗಿದ್ದರೆ, ಸ್ವಂತ ಪ್ರಯೋಗಗಳನ್ನು ನಿಲ್ಲಿಸಿ ಯಂತ್ರವನ್ನು ಆರಿಸಬೇಕು. ಆ ಡಿಸ್ಕ್ ದತ್ತಾಂಶ ಮರುಗಳಿಕೆಯ ಪರಿಣತರ ಕೈಗೆ ಹೋಗಬೇಕು. ಹಾರ್ಡ್ ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ತೆರೆಯಬಾರದು. ತಟ್ಟೆಯ ಮತ್ತು ಓದುವ ಮೊನೆಯ ನಡುವಿನ ಅಂತರ ಧೂಳಿನ ಕಣಕ್ಕಿಂತಲೂ ಕಿರಿದು.

ವಿಧಗಳು

ಲೈವ್ ಪೆನ್ ಡ್ರೈವ್: ಇದರಲ್ಲಿ ವ್ಯವಸ್ಥೆ ಸಂಕುಚಿತ ರೂಪದಲ್ಲಿರುತ್ತದೆ. ಮಾಡಿದ ಬದಲಾವಣೆಗಳು ರ್‍ಯಾಮ್‌ನಲ್ಲಿ ಮಾತ್ರ ಇದ್ದು, ಯಂತ್ರ ಆರಿದಾಗ ಅಳಿಸಿಹೋಗುತ್ತವೆ. ದತ್ತಾಂಶ ಉಳಿಸಿಕೊಳ್ಳಲು ಮತ್ತು ಒಂದೆರಡು ದಿನದ ತುರ್ತಿಗೆ ಇದು ಸಾಕು. ಸಾಮಾನ್ಯವಾಗಿ 8 ಜಿಬಿ ಪೆನ್ ಡ್ರೈವ್‌ನಲ್ಲಿ ಹಿಡಿಸುತ್ತದೆ.

ನೆನಪು ಉಳಿಸುವ ಲೈವ್ ವ್ಯವಸ್ಥೆ: ಪೆನ್ ಡ್ರೈವ್‌ನಲ್ಲಿಯೇ ಪ್ರತ್ಯೇಕ ಜಾಗವನ್ನು ಕಾಯ್ದಿರಿಸಿ, ಬದಲಾವಣೆಗಳನ್ನು ಅಲ್ಲಿ ಬರೆಯಲಾಗುತ್ತದೆ. ಕೆಲವು ವಾರಗಳ ಬಳಕೆಗೆ ಅನುಕೂಲ.

ಪೂರ್ಣ ಸ್ಥಾಪನೆ: ಒಳಗಿನ ಡಿಸ್ಕಿನಲ್ಲಿ ಮಾಡುವಂತೆಯೇ ಬಾಹ್ಯ ಡ್ರೈವ್‌ನಲ್ಲಿ ವ್ಯವಸ್ಥೆಯನ್ನು ಸ್ಥಾಪಿಸುವುದು. ದೀರ್ಘಕಾಲ ನಡೆಸುವವರಿಗೆ ಇದೇ ಯೋಗ್ಯ. ಲಿನಕ್ಸ್ ವ್ಯವಸ್ಥೆಗಳು ಇದಕ್ಕೆ ಅನುಮತಿ ಕೊಡುತ್ತವೆ. ವಿಂಡೋಸ್‌ನ ಸಾಮಾನ್ಯ ಸ್ಥಾಪಕವು ಯುಎಸ್‌ಬಿ ಡ್ರೈವ್‌ನಲ್ಲಿ ಸ್ಥಾಪಿಸಲು ನಿರಾಕರಿಸುತ್ತದೆ. ರೂಫಸ್ ಮೊದಲಾದ ತಂತ್ರಾಂಶಗಳ ಮೂಲಕ ಇದು ಸಾಧ್ಯವಾದರೂ ಮೈಕ್ರೋಸಾಫ್ಟ್‌ನ ಬೆಂಬಲವಿಲ್ಲ.

ಆಪಲ್ ಸಂಸ್ಥೆಯ ಇಂಟೆಲ್ ಆಧಾರಿತ ಮ್ಯಾಕ್‌ಗಳಲ್ಲಿ ಆಪ್ಷನ್ ಕೀಲಿ ಒತ್ತಿಹಿಡಿದು ಬಾಹ್ಯ ಡ್ರೈವ್ ಆರಿಸಿಕೊಳ್ಳಬಹುದು. ಟಿ2 ಚಿಪ್ ಇರುವ ಮಾದರಿಗಳಲ್ಲಿ ಇದಕ್ಕೆ ಮೊದಲೇ ಅನುಮತಿ ನೀಡಿರಬೇಕು. ಆಪಲ್‌ನದೇ ಚಿಪ್ ಇರುವ ಹೊಸ ಮ್ಯಾಕ್‌ಗಳಲ್ಲಿ ಆರಂಭದ ಮೊದಲ ಹಂತಗಳು ಒಳಗಿನ ಸಂಗ್ರಹವನ್ನೇ ಅವಲಂಬಿಸುವುದರಿಂದ, ಅದು ಪೂರ್ತಿಯಾಗಿ ಕೆಟ್ಟರೆ ಬಾಹ್ಯ ಡ್ರೈವ್‌ನಿಂದಲೂ ಯಂತ್ರ ನಡೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ಸಂಗ್ರಹವುಳ್ಳ ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬದಲಿಸಲು ಬಾರದ ಕಾರಣ, ಬಾಹ್ಯ ಡ್ರೈವ್ ಒಂದೇ ಮಿತವ್ಯಯದ ದಾರಿಯಾಗಿ ಉಳಿಯುತ್ತದೆ.

ಸಾಧನಗಳು ಮತ್ತು ವೇಗ

2000ದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್, 2008ರ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗವನ್ನು ನಿಗದಿಪಡಿಸಿವೆ. ಬಳಕೆಯಲ್ಲಿ ಯುಎಸ್‌ಬಿ 2.0 ಮೂಲಕ ಸೆಕೆಂಡಿಗೆ ಸುಮಾರು 30ರಿಂದ 40 ಎಂಬಿ ಮಾತ್ರ ಸಾಗುತ್ತದೆ. ಯುಎಸ್‌ಬಿ 3.0 ಪೋರ್ಟಿನ ಒಳಭಾಗ ಅನೇಕ ಯಂತ್ರಗಳಲ್ಲಿ ನೀಲಿ ಬಣ್ಣದ್ದಾಗಿರುತ್ತದೆ. ಡ್ರೈವನ್ನು ಅಲ್ಲಿಯೇ ಜೋಡಿಸಬೇಕು.

ಪೆನ್ ಡ್ರೈವ್ ಕಡತ ಸಾಗಿಸಲು ರೂಪಿಸಿದ್ದು. ಕಾರ್ಯಾಚರಣ ವ್ಯವಸ್ಥೆ ಎಡೆಬಿಡದೆ ಮಾಡುವ ಸಣ್ಣ ಸಣ್ಣ ಬರವಣಿಗೆಯಿಂದ ಅದು ನಿಧಾನವಾಗುತ್ತದೆ, ಬೇಗನೆ ಸವೆಯುತ್ತದೆ. ದಿನನಿತ್ಯದ ಕೆಲಸಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಬಳಸುವುದು ಉತ್ತಮ. ಇದರಲ್ಲಿ ಇನ್ನೊಂದು ಲಾಭವಿದೆ: ಮುಂದೆ ಅನುಕೂಲವಾದಾಗ ಅದೇ ಎಸ್‌ಎಸ್‌ಡಿಯನ್ನು ಕೇಸಿನಿಂದ ತೆಗೆದು, ಸಾಟಾ ಜಾಗವಿರುವ ಯಂತ್ರದ ಒಳಗೆ ಕೂಡಿಸಬಹುದು. ಕೊಂಡ ವಸ್ತು ವ್ಯರ್ಥವಾಗುವುದಿಲ್ಲ.

ವಿಧಾನ

1. ಸುಸ್ಥಿತಿಯಲ್ಲಿರುವ ಮತ್ತೊಂದು ಗಣಕಯಂತ್ರದಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಅಥವಾ ಹಳೆಯ ಯಂತ್ರಕ್ಕೆ ಒಗ್ಗುವ ಲುಬುಂಟು ಇವುಗಳಲ್ಲಿ ಒಂದರ ಐಎಸ್‌ಒ ಕಡತವನ್ನು ಆಯಾ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಬೇಕು. 32 ಬಿಟ್ ಪ್ರೊಸೆಸರ್ ಇರುವ ಬಹಳ ಹಳೆಯ ಯಂತ್ರಗಳಲ್ಲಿ ಇಂದಿನ ಬಹುತೇಕ ಆವೃತ್ತಿಗಳು ನಡೆಯುವುದಿಲ್ಲ. ಅವಕ್ಕೆ ಪಪ್ಪಿ ಲಿನಕ್ಸ್‌ನ 32 ಬಿಟ್ ಆವೃತ್ತಿಯಂಥವು ಬೇಕಾಗುತ್ತವೆ.

2. ಆ ಕಡತವನ್ನು ರೂಫಸ್, ಎಚರ್ ಅಥವಾ ವೆಂಟಾಯ್ ತಂತ್ರಾಂಶದ ಮೂಲಕ ಪೆನ್ ಡ್ರೈವ್‌ಗೆ ಬರೆಯಬೇಕು. ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒ ಕಡತವನ್ನು ಸುಮ್ಮನೆ ಪ್ರತಿಮಾಡಿ ಅಂಟಿಸಿದರೆ ಯಂತ್ರ ಆರಂಭವಾಗುವುದಿಲ್ಲ. ವೆಂಟಾಯ್ ಸ್ಥಾಪಿಸಿದ ಪೆನ್ ಡ್ರೈವ್ ಮಾತ್ರ ಇದಕ್ಕೆ ಹೊರತು.

3. ಕೆಟ್ಟ ಡಿಸ್ಕಿನ ಯಂತ್ರಕ್ಕೆ ಪೆನ್ ಡ್ರೈವ್ ಜೋಡಿಸಿ, ಗುಂಡಿ ಒತ್ತಿದೊಡನೆ ಬೂಟ್ ಪಟ್ಟಿಯ ಕೀಲಿಯನ್ನು ಒತ್ತಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್ ಕೀಲಿ ಈ ಕೆಲಸ ಮಾಡುತ್ತವೆ.

4. ಸ್ಥಾಪಿಸದೆ ಪರೀಕ್ಷಿಸುವ ಆಯ್ಕೆಯನ್ನು ಒತ್ತಿ, ಪರದೆ, ಕೀಲಿಮಣೆ, ವೈ-ಫೈ ಕೆಲಸ ಮಾಡುತ್ತವೆಯೇ ಎಂದು ನೋಡಬೇಕು. ಈ ಹಂತದಲ್ಲಿಯೇ ಹಳೆಯ ಡಿಸ್ಕಿನ ಕಡತಗಳನ್ನು ಉಳಿಸಿಕೊಳ್ಳಬೇಕು.

5. ದತ್ತಾಂಶ ಕೈಸೇರಿದ ಮೇಲೆ ಯಂತ್ರವನ್ನು ಆರಿಸಿ, ವಿದ್ಯುತ್ ಸಂಪರ್ಕ ತೆಗೆದು, ಕೆಟ್ಟ ಡಿಸ್ಕನ್ನು ಬೇರ್ಪಡಿಸಬೇಕು. ಇದಕ್ಕೆ ಎರಡು ಕಾರಣಗಳಿವೆ. ಕೆಟ್ಟ ಡಿಸ್ಕ್ ಒಳಗಿದ್ದರೆ ಯಂತ್ರ ಪ್ರತಿಸಲವೂ ಅದರ ಉತ್ತರಕ್ಕಾಗಿ ಕಾಯುತ್ತ ನಿಧಾನವಾಗುತ್ತದೆ. ಅಲ್ಲದೆ ಸ್ಥಾಪಕವು ಬೂಟ್ ಕಡತಗಳನ್ನು ಬಾಹ್ಯ ಡ್ರೈವ್‌ಗೆ ಬದಲು ಕೆಟ್ಟ ಡಿಸ್ಕಿನಲ್ಲಿಯೇ ಬರೆದುಬಿಡುವ ಸಂಭವವಿದೆ.

6. ಲೈವ್ ಪೆನ್ ಡ್ರೈವ್‌ನೊಂದಿಗೆ, ವ್ಯವಸ್ಥೆಯನ್ನು ಸ್ಥಾಪಿಸಬೇಕಾದ ಖಾಲಿ ಬಾಹ್ಯ ಡ್ರೈವನ್ನು ಮಾತ್ರ ಜೋಡಿಸಿ ಸ್ಥಾಪನೆ ಆರಂಭಿಸಬೇಕು. ಕಡತಗಳನ್ನು ಉಳಿಸಿಟ್ಟ ಡ್ರೈವ್ ಆಗ ಜೋಡಣೆಯಲ್ಲಿರಬಾರದು. ಡ್ರೈವ್‌ನ ಗಾತ್ರವನ್ನು ಓದಿ ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಬೇಕು.

7. ಕೊನೆಯಲ್ಲಿ ಬಯಾಸ್ ಪರದೆಯಲ್ಲಿ ಬಾಹ್ಯ ಡ್ರೈವನ್ನು ಬೂಟ್ ಕ್ರಮದ ಮೊದಲ ಸ್ಥಾನಕ್ಕೆ ತರಬೇಕು.

ಕನ್ನಡದ ಬಳಕೆ

ಉಬುಂಟು ಮೊದಲಾದ ವ್ಯವಸ್ಥೆಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ಐಬಸ್ ಎಂಬ ಬರೆಹ ಸಾಧನದೊಂದಿಗೆ ಎಂ17ಎನ್ ಸಂಪುಟವನ್ನು ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ವಿನ್ಯಾಸವಲ್ಲದೆ, ನುಡಿ ತಂತ್ರಾಂಶದ ಬಳಕೆದಾರರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸವೂ ದೊರೆಯುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇದರ ಆಧಾರ.

ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಲೈವ್ ವ್ಯವಸ್ಥೆಯಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣಿಸುತ್ತವೆ. ಇದನ್ನು ನೋಡಿ ಕಡತ ಹಾಳಾಗಿದೆ ಎಂದು ಭಾವಿಸಿ ಅಳಿಸುವವರಿದ್ದಾರೆ. ವಾಸ್ತವವಾಗಿ ಕಡತ ಸರಿಯಾಗಿಯೇ ಇರುತ್ತದೆ. ಆ ಅಕ್ಷರಶೈಲಿ ಮಾತ್ರ ಯಂತ್ರದಲ್ಲಿ ಇರುವುದಿಲ್ಲ. ಅಂಥ ಕಡತಗಳನ್ನು ಇದ್ದಂತೆಯೇ ಪ್ರತಿಮಾಡಿಕೊಂಡು, ಆನಂತರ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹಳೆಯ ಡಿಸ್ಕಿನ ವಿಂಡೋಸ್ ಕಡತಕೋಶದಲ್ಲಿರುವ ಫಾಂಟ್ಸ್ ಕೋಶವನ್ನೂ ಜೊತೆಗೆ ಉಳಿಸಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಹಾವೇರಿ ಜಿಲ್ಲೆಯ ಸಂದರ್ಭ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳು ಹುಬ್ಬಳ್ಳಿ ಮತ್ತು ದಾವಣಗೆರೆಗಳ ನಡುವಣ ರೈಲುಮಾರ್ಗದಲ್ಲಿವೆ. ಒಂದು ಜಿಲ್ಲಾ ಕೇಂದ್ರ, ಒಂದು ಬೀಜೋತ್ಪಾದನೆಗೆ ಹೆಸರಾದ ಊರು, ಒಂದು ಮೆಣಸಿನಕಾಯಿಯ ಪೇಟೆ. ಡಿಸ್ಕ್ ಕೆಟ್ಟಾಗ ಏನು ನಷ್ಟವಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಇಲ್ಲಿನ ಬಳಕೆಯಿಂದ ಸ್ಪಷ್ಟವಾಗಿ ತಿಳಿಯಬಹುದು.

ತಾಲ್ಲೂಕು ಕಚೇರಿಯ ಗಣಕಯಂತ್ರ ಕೆಟ್ಟರೆ ರೈತರ ಪಹಣಿ ಕಳೆದುಹೋಗುವುದಿಲ್ಲ. ಭೂಮಿ ಯೋಜನೆಯ ದಾಖಲೆಗಳು ಸರ್ವರ್‌ಗಳಲ್ಲಿದ್ದು, ಕಚೇರಿಯ ಯಂತ್ರ ಅವುಗಳನ್ನು ನೋಡುವ ಕಿಟಕಿ ಮಾತ್ರ. ಶಾಲಾ ಮಕ್ಕಳ ದಾಖಲಾತಿ ವಿವರಗಳಿರುವ ಸ್ಯಾಟ್ಸ್ ವ್ಯವಸ್ಥೆಯೂ ಹೀಗೆಯೇ. ಆದರೆ ಅದೇ ಶಾಲೆಯ ಶಿಕ್ಷಕರು ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ಅಂಕಪಟ್ಟಿ, ವರ್ಷಗಳಿಂದ ಸಂಗ್ರಹಿಸಿದ ಪ್ರಶ್ನೆಪತ್ರಿಕೆಗಳು, ವಾರ್ಷಿಕೋತ್ಸವದ ಛಾಯಾಚಿತ್ರಗಳು ಸಾಮಾನ್ಯವಾಗಿ ಆ ಒಂದೇ ಡಿಸ್ಕಿನಲ್ಲಿರುತ್ತವೆ.

2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿಯೂ ಈ ವ್ಯತ್ಯಾಸವಿದೆ. ವಿದ್ಯುನ್ಮಾನ ಟೆಂಡರ್ ಪದ್ಧತಿಯಲ್ಲಿ ಲಾಟ್‌ಗಳಿಗೆ ನಮೂದಿಸಿದ ದರ ಸರ್ವರ್‌ನಲ್ಲಿ ದಾಖಲಾಗುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳ ಆವಕದ ದಿನಗಳಲ್ಲಿ ಅಂಗಡಿಯ ಯಂತ್ರದ ಡಿಸ್ಕ್ ಕೆಟ್ಟರೂ, ಲೈವ್ ಪೆನ್ ಡ್ರೈವ್‌ನ ಬ್ರೌಸರ್ ಮೂಲಕ ಜಾಲತಾಣದ ಕೆಲಸಗಳನ್ನು ಅಂದೇ ಮುಂದುವರಿಸಬಹುದು. ಆದರೆ ಯಾವ ರೈತರಿಗೆ ಎಷ್ಟು ಮುಂಗಡ ಕೊಡಲಾಗಿದೆ, ಯಾರಿಂದ ಎಷ್ಟು ಬಾಕಿ ಬರಬೇಕು ಎಂಬ ದಲಾಲಿ ಅಂಗಡಿಯ ಲೆಕ್ಕ ಇರುವುದು ಅಂಗಡಿಯ ಡಿಸ್ಕಿನಲ್ಲಿ. ಟ್ಯಾಲಿ ಮೊದಲಾದ ವಿಂಡೋಸ್ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಹಾಗಿದ್ದರೂ ಅವುಗಳ ದತ್ತಾಂಶ ಕೋಶವನ್ನು ಲೈವ್ ವ್ಯವಸ್ಥೆಯಿಂದ ಪೂರ್ತಿಯಾಗಿ ಪ್ರತಿಮಾಡಿಕೊಂಡು, ಅದೇ ತಂತ್ರಾಂಶವಿರುವ ಬೇರೆ ಯಂತ್ರದಲ್ಲಿ ತೆರೆಯಬಹುದು. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುವವರ ಬಿಲ್ಲು, ದಾಸ್ತಾನು ಲೆಕ್ಕಗಳಿಗೂ, ಡಿಟಿಪಿ ಕೇಂದ್ರಗಳ ಲಗ್ನಪತ್ರಿಕೆ, ಪುಸ್ತಕದ ಪುಟಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ವಿದ್ಯುತ್ ಹಠಾತ್ತನೆ ನಿಲ್ಲುವುದು ಮತ್ತು ಧೂಳು ಇಂಥ ಊರುಗಳ ಯಂತ್ರಗಳಿಗೆ ಎರಡು ದೊಡ್ಡ ಶತ್ರುಗಳು. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಡತ ವ್ಯವಸ್ಥೆ ಕೆಡಬಹುದು. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಯಂತ್ರ ಕಾಯುತ್ತದೆ. ಮೇಜಿನ ಯಂತ್ರಕ್ಕೆ ಯುಪಿಎಸ್ ಮತ್ತು ಕಾಲಕಾಲಕ್ಕೆ ಸ್ವಚ್ಛತೆ ಅಗತ್ಯ.

ಮಿತಿಗಳು ಮತ್ತು ಎಚ್ಚರಿಕೆಗಳು

• ಕೆಲಸದ ನಡುವೆ ಬಾಹ್ಯ ಡ್ರೈವ್‌ನ ಕೇಬಲ್ ಕಳಚಿದರೆ ಯಂತ್ರ ಅಲ್ಲಿಯೇ ನಿಲ್ಲುತ್ತದೆ. ಉಳಿಸದ ಕಡತ ನಷ್ಟವಾಗುತ್ತದೆ. ಗಿಡ್ಡನೆಯ, ಬಿಗಿಯಾಗಿ ಕೂರುವ ಕೇಬಲ್ ಬಳಸಬೇಕು.
• ಹಳೆಯ ಯಂತ್ರಗಳ ಮುಂಭಾಗದ ಯುಎಸ್‌ಬಿ ಪೋರ್ಟುಗಳಲ್ಲಿ ವಿದ್ಯುತ್ ಸಾಲದೆ ಡ್ರೈವ್ ಆಗಾಗ್ಗೆ ಮಾಯವಾಗಬಹುದು. ಹಿಂಭಾಗದ ಪೋರ್ಟನ್ನು ಬಳಸಿ ನೋಡಬೇಕು.
• ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡ ಡಿಸ್ಕನ್ನು 48 ಅಂಕಿಗಳ ಮರುಪ್ರಾಪ್ತಿ ಕೀಲಿಯಿಲ್ಲದೆ ಲೈವ್ ವ್ಯವಸ್ಥೆಯಿಂದ ತೆರೆಯಲಾಗದು. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.
• ಬಾಹ್ಯ ಡ್ರೈವ್ ಸುಲಭವಾಗಿ ಕಳೆದುಹೋಗಬಹುದಾದ ವಸ್ತು. ಬ್ಯಾಂಕ್ ಮತ್ತು ಕಚೇರಿಯ ಗುಪ್ತಪದಗಳು ಅದರಲ್ಲಿದ್ದರೆ, ಸ್ಥಾಪಿಸುವಾಗಲೇ ಗೂಢಲಿಪೀಕರಣವನ್ನು ಆರಿಸಿಕೊಳ್ಳುವುದು ಸೂಕ್ತ.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೊಂದಿದೆ. ಬಾಹ್ಯ ಡ್ರೈವ್‌ನಿಂದ ಯಂತ್ರ ನಡೆಯತೊಡಗಿದ ಮೇಲೆ ಬಳಕೆದಾರರು ಅದನ್ನೇ ಸುರಕ್ಷಿತ ಪ್ರತಿಯೆಂದು ತಿಳಿಯುವುದುಂಟು. ಆದರೆ ಕೆಲಸ ನಡೆಯುತ್ತಿರುವ ಡ್ರೈವ್ ಒಳಗಿದ್ದರೂ ಹೊರಗಿದ್ದರೂ ಅದು ಒಂದೇ ಪ್ರತಿ; ಅದೂ ಒಂದು ದಿನ ಕೆಡುತ್ತದೆ. ಮುಖ್ಯ ಕಡತಗಳ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಇರಬೇಕು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿರುವ ಸೂತ್ರ. ಅಂಗಡಿಯ ಲೆಕ್ಕದ ಒಂದು ಪ್ರತಿ ಮನೆಯಲ್ಲಿ, ಶಾಲೆಯ ಅಂಕಪಟ್ಟಿಯ ಒಂದು ಪ್ರತಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಮತ್ತೊಂದು ಅಂತರ್ಜಾಲದ ಸಂಗ್ರಹದಲ್ಲಿ ಇದ್ದರೆ, ಡಿಸ್ಕ್ ಕೆಟ್ಟ ದಿನ ಹೋಗುವುದು ಡಿಸ್ಕಿನ ಬೆಲೆ ಮಾತ್ರ.

ಇವನ್ನೂ ನೋಡಿ

• ಕಾರ್ಯಾಚರಣ ವ್ಯವಸ್ಥೆ
• ಹಾರ್ಡ್ ಡಿಸ್ಕ್
• ಲಿನಕ್ಸ್
• ಉಬುಂಟು
• ಯುನಿಕೋಡ್
• ನುಡಿ (ತಂತ್ರಾಂಶ)
• ಹಾವೇರಿ ಜಿಲ್ಲೆ